ಒಂದೇ ಸರ್ವರ್ ಮೇಲೆ ಎರಡು ವಿಎಂ ಇಟ್ಟು ಫೇಲ್‌ಓವರ್ ಕ್ಲಸ್ಟರ್ ಮಾಡಬಹುದಾ?

ನೀವು ಕೇಳಿರೋದು ಇಷ್ಟು: ಗದಗದಲ್ಲಿ ಪತ್ತಿನ ಸಹಕಾರಿ ಸಂಘ, ಹೆಡ್ ಆಫೀಸಿನಲ್ಲಿ ಒಂದು ಹೈಪರ್-ವಿ ಸರ್ವರ್ (ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಮಷೀನ್, ಅಂದರೆ ವಿಎಂ, ಓಡಿಸೋದು), ಅದರಲ್ಲಿ ಡೇಟಾಬೇಸ್ ಇಡೋ ಎಸ್‌ಕ್ಯೂಎಲ್ ಸರ್ವರ್. ಎರಡು ವಿಎಂ ಮಾಡಿ ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್, ಅಂದರೆ ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳೋ ಜೋಡಿ, ಕಟ್ಟೋಕೆ ಏನೇನು ಬೇಕು?

ಕಟ್ಟಬಹುದು, ವಿಂಡೋಸ್ ಬೇಡ ಅನ್ನೋದಿಲ್ಲ. ಆದರೆ ಆ ಸರ್ವರಿನ ಮದರ್‌ಬೋರ್ಡ್ ಕೈಕೊಟ್ಟರೆ ಎರಡೂ ನೋಡ್ (ಕ್ಲಸ್ಟರಿನಲ್ಲಿರೋ ಆ ಎರಡು ವಿಎಂ) ಒಟ್ಟಿಗೇ ಮಲಗುತ್ತವೆ. ಕಲಿಯೋಕೆ ಚೆನ್ನಾಗಿದೆ, ಪಿಗ್ಮಿ ಲೆಕ್ಕ ಇಡೋಕೆ ಅಲ್ಲ. ಹಾಗಾಗಿ ಮೊದಲು ಬೇಕಾಗೋದು ಎರಡನೇ ಸರ್ವರ್, ಒಂದೊಂದರ ಮೇಲೆ ಒಂದೊಂದು ವಿಎಂ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡೋನು. ಲೈಸೆನ್ಸಿಗೆ ಸುಮ್ನೆ ಸಹಿ ಹಾಕೋ ಕಮಿಟಿಯವರು ಎರಡನೇ ಸರ್ವರ್ ಅಂದ ಕೂಡಲೇ ಚರ್ಚೆ ಶುರು ಮಾಡುತ್ತಾರೆ. ಆ ಚರ್ಚೆಯನ್ನು ಈಗಲೇ ಮುಗಿಸಿಕೊಳ್ಳಿ. ಎರಡಕ್ಕೂ ಬೇರೆ ಬೇರೆ ಯುಪಿಎಸ್ ಕೇಳಿ. ಮುಂಗಾರಿನಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ನಿಮಗೆ ಹೇಳಬೇಕಾ?

ಮುಂದೆ ಆ ಎರಡು ಹೋಸ್ಟ್‌ಗಳನ್ನೂ (ವಿಎಂ ಓಡಿಸೋ ಸರ್ವರ್‌ಗಳನ್ನೂ) ಕ್ಲಸ್ಟರ್ ಮಾಡಿದರೆ, ಈ ಎರಡು ವಿಎಂ ಒಂದೇ ಹೋಸ್ಟ್ ಮೇಲೆ ಬಂದು ಕೂರದ ಹಾಗೆ ಆಂಟಿ-ಅಫಿನಿಟಿ ರೂಲ್ ಹಾಕಿ.

ಸಾಫ್ಟ್‌ವೇರ್ ಕಡೆ ದೊಡ್ಡ ತಲೆನೋವಿಲ್ಲ. ವಿಂಡೋಸ್ ಸರ್ವರ್ 2012ರಿಂದ ಸ್ಟ್ಯಾಂಡರ್ಡ್ ಎಡಿಷನ್‌ನಲ್ಲೇ ಫೇಲ್‌ಓವರ್ ಕ್ಲಸ್ಟರಿಂಗ್ ಇದೆ. ಎರಡೂ ವಿಎಂನಲ್ಲಿ ಒಂದೇ ವರ್ಷನ್, ಒಂದೇ ಪ್ಯಾಚ್, ಒಂದೇ ಡೊಮೈನ್ (ಲಾಗಿನ್‌ಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳೋ ವಿಂಡೋಸ್ ನೆಟ್‌ವರ್ಕ್) ಇರಲಿ. 2016ರಿಂದ ಡೊಮೈನ್ ಇಲ್ಲದೆಯೂ ಆಗುತ್ತೆ, ಆದರೆ ಸುಮ್ನೆ ಆ ದಾರಿ ಹಿಡಿಯಬೇಡಿ. ಆ ಡೊಮೈನ್ ನಡೆಸೋ ಸರ್ವರ್, ಅಂದರೆ ಡೊಮೈನ್ ಕಂಟ್ರೋಲರ್, ಬೇರೆ ಮಷೀನ್‌ನಲ್ಲಿರಲಿ, ಕ್ಲಸ್ಟರ್ ನೋಡ್ ಮೇಲೇ ಅದನ್ನು ಹಾಕೋದಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ಇಲ್ಲ. ಒಂದು ವಿಎಂ ಕಾಪಿ ಮಾಡಿ ಇನ್ನೊಂದು ಮಾಡೋದಾದರೆ ಕಾಪಿಗೆ ಹೊಸ ಗುರುತು ಕೊಡೋ ಸಿಸ್‌ಪ್ರೆಪ್ ಅನ್ನೋ ವಿಂಡೋಸ್ ಟೂಲ್ ಓಡಿಸಿ. ಕ್ಲಸ್ಟರ್ ತನ್ನ ಹೆಸರಿನಲ್ಲಿ ಡೊಮೈನ್‌ನಲ್ಲಿ ಒಂದು ಕಂಪ್ಯೂಟರ್ ಅಕೌಂಟ್ ಮಾಡಿಕೊಳ್ಳುತ್ತೆ. ಅದನ್ನು ಮಾಡೋ ಪರ್ಮಿಷನ್ ನಿಮ್ಮ ಲಾಗಿನ್‌ಗೆ ಇರಬೇಕು.

ಜನ ಸಿಕ್ಕಿಹಾಕಿಕೊಳ್ಳೋದು ಡಿಸ್ಕಿನ ಹತ್ತಿರ. ಹಳೇ ಮಾದರಿ ಎಸ್‌ಕ್ಯೂಎಲ್ ಕ್ಲಸ್ಟರ್‌ನಲ್ಲಿ ಡೇಟಾಬೇಸ್ ಇರೋ ಡಿಸ್ಕ್ ಎರಡೂ ವಿಎಂಗೆ ಕಾಣಬೇಕು, ಆದರೆ ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ಈ ಹಿಡಿತಕ್ಕೆ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಷನ್ ಅನ್ನೋ ಸೌಲಭ್ಯ ಸ್ಟೋರೇಜಿನಲ್ಲೇ ಇರಬೇಕು. ಕಡಿಮೆ ಬೆಲೆಯ ನ್ಯಾಸ್ (ನೆಟ್‌ವರ್ಕ್‌ಗೆ ಹಾಕೋ ಸ್ಟೋರೇಜ್) ಪೆಟ್ಟಿಗೆ ತಗೊಳ್ಳೋ ಮುಂಚೆ ಇದನ್ನು ಕೇಳಿ. ಐಸ್ಕಸಿ (ನೆಟ್‌ವರ್ಕ್ ಕೇಬಲ್ ಮೇಲೆ ಡಿಸ್ಕ್ ಕೊಡೋ ವಿಧಾನ) ಮೂಲಕ ನೇರವಾಗಿ ವಿಎಂ ಒಳಗೇ ಡಿಸ್ಕ್ ಕೊಡಬಹುದು. ಇಲ್ಲವೇ ವಿಂಡೋಸ್ ಸರ್ವರ್ 2016ರಿಂದ ಬಂದಿರೋ ವಿಎಚ್‌ಡಿ ಸೆಟ್ (ಎರಡೂ ವಿಎಂ ಹಂಚಿಕೊಳ್ಳೋ ವರ್ಚುವಲ್ ಡಿಸ್ಕ್ ಫೈಲ್) ಬಳಸಬಹುದು, ಆದರೆ ಆ ಫೈಲ್ ಹೋಸ್ಟಿನ ಲೋಕಲ್ ಡಿ ಡ್ರೈವ್‌ನಲ್ಲಿದ್ದರೆ ನಡೆಯಲ್ಲ. ಹೋಸ್ಟ್ ಕ್ಲಸ್ಟರಿನ ಶೇರ್ಡ್ ವಾಲ್ಯೂಮ್ ಅಥವಾ ಸ್ಕೇಲ್-ಔಟ್ ಫೈಲ್ ಸರ್ವರ್ ಮೇಲೇ ಇರಬೇಕು. ಇಷ್ಟೆಲ್ಲ ಮಾಡಿದರೂ ಸ್ಟೋರೇಜ್ ಪೆಟ್ಟಿಗೆ ಒಂದೇ ತಾನೇ? ಅದು ಹೋದರೆ ಮತ್ತೆ ಎಲ್ಲಾ ಹೋಯ್ತು.

ಅದಕ್ಕೇ ನಿಮ್ಮ ಅಳತೆಯ ಸಂಘಕ್ಕೆ ನಾನು ಹೇಳೋದು, ಶೇರ್ಡ್ ಡಿಸ್ಕ್ ಬಿಟ್ಟುಬಿಡಿ. ಎಸ್‌ಕ್ಯೂಎಲ್ ಸರ್ವರ್ 2016ರಿಂದ ಸ್ಟ್ಯಾಂಡರ್ಡ್ ಎಡಿಷನ್‌ನಲ್ಲೂ ಬೇಸಿಕ್ ಅವೈಲಬಿಲಿಟಿ ಗ್ರೂಪ್ ಇದೆ. ವಿಂಡೋಸ್ ಕ್ಲಸ್ಟರ್ ಇದಕ್ಕೂ ಬೇಕು, ಆದರೆ ಪ್ರತಿ ವಿಎಂಗೂ ತನ್ನದೇ ಡಿಸ್ಕ್, ಡೇಟಾ ಆ ಕಡೆಯಿಂದ ಈ ಕಡೆಗೆ ಕಾಪಿ ಆಗ್ತಾ ಇರುತ್ತೆ. ತಾನಾಗಿಯೇ ಫೇಲ್‌ಓವರ್ ಆಗಬೇಕಂದರೆ ಸಿಂಕ್ರೋನಸ್ ಮೋಡ್‌ನಲ್ಲಿಡಿ, ಅಂದರೆ ಎರಡೂ ಕಡೆ ಬರೆದಾದ ಮೇಲೇ ಎಂಟ್ರಿ ಮುಗಿಯಿತು ಅನ್ನೋ ಹಾಗೆ. ಒಂದು ಗ್ರೂಪಿಗೆ ಒಂದೇ ಡೇಟಾಬೇಸ್ ಅನ್ನೋ ಮಿತಿ ಇದೆ. ಲಾಗಿನ್‌ಗಳು, ಜಾಬ್‌ಗಳು ತಾವಾಗಿ ಕಾಪಿ ಆಗಲ್ಲ, ಎರಡೂ ಕಡೆ ನೀವೇ ಮಾಡಬೇಕು.

ಇನ್ನು ಸಾಕ್ಷಿ, ಅಂದರೆ ವಿಟ್ನೆಸ್. ಇಬ್ಬರೇ ಇದ್ದು ನಡುವಿನ ಕೇಬಲ್ ಕಿತ್ತರೆ ಯಾರು ಮುಂದುವರಿಯಬೇಕು? ಮೂರನೇ ವೋಟ್ ಬೇಕು. ಆಫೀಸಿನ ಇನ್ನೊಂದು ಮಷೀನ್‌ನಲ್ಲಿ ಒಂದು ಫೈಲ್ ಶೇರ್ ಸಾಕು, ಆದರೆ ಅದು ಆ ಎರಡು ಹೋಸ್ಟ್‌ಗಳ ಮೇಲೆ ಇರಬಾರದು. ವಿಂಡೋಸ್ ಸರ್ವರ್ 2016ರಿಂದ ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜೂರ್‌ನಲ್ಲಿ ಕ್ಲೌಡ್ ವಿಟ್ನೆಸ್ ಕೂಡ ಇಡಬಹುದು. ಇಂಟರ್ನೆಟ್ ಆಗಾಗ ಹೋಗೋ ಕಡೆ ಫೈಲ್ ಶೇರೇ ಲೇಸು.

ನೋಡ್‌ಗಳ ನಡುವಿನ ಹಾರ್ಟ್‌ಬೀಟ್ (ನಾನಿದ್ದೀನಿ ಅಂತ ಆಗಾಗ ಕಳಿಸೋ ಸಂದೇಶ) ಯುಡಿಪಿ 3343 ಪೋರ್ಟಿನಲ್ಲಿ ಓಡುತ್ತೆ, ಫೈರ್‌ವಾಲ್‌ನಲ್ಲಿ ಬಿಡಿ. ವಿಎಂಗಳಲ್ಲಿ ಇದಕ್ಕೊಂದು ತೊಡಕಿದೆ. ಬ್ಯಾಕಪ್ ಅಥವಾ ಲೈವ್ ಮೈಗ್ರೇಷನ್ (ಓಡ್ತಿರೋ ವಿಎಂ ಅನ್ನು ಇನ್ನೊಂದು ಹೋಸ್ಟಿಗೆ ಸಾಗಿಸೋದು) ಹೊತ್ತಿಗೆ ವಿಎಂ ಕೆಲವು ಸೆಕೆಂಡ್ ಉಸಿರು ಹಿಡಿದು ನಿಲ್ಲಬಹುದು. 2012 ಆರ್2ನಲ್ಲಿ ಡೀಫಾಲ್ಟ್ ಆಗಿ 5 ಸೆಕೆಂಡ್ ಸದ್ದಿಲ್ಲದಿದ್ದರೆ ಆ ನೋಡನ್ನು ಹೊರಗೆ ಹಾಕುತ್ತಿತ್ತು, 2016ರಲ್ಲಿ ಅದು 10 ಸೆಕೆಂಡ್ ಆಯಿತು. ಈವೆಂಟ್ ಲಾಗ್‌ನಲ್ಲಿ 1135 (ನೋಡ್ ಹೊರಗೆ ಬಿತ್ತು ಅನ್ನೋ ನಂಬರ್) ಕಂಡರೆ ಮೊದಲು ಇಲ್ಲಿ ನೋಡಿ.

ಕ್ಲಸ್ಟರ್ ಕಟ್ಟೋ ಮುಂಚೆ ವಿಂಡೋಸ್‌ನಲ್ಲೇ ಇರೋ ಕ್ಲಸ್ಟರ್ ತಪಾಸಣೆ, ಅಂದರೆ ವ್ಯಾಲಿಡೇಷನ್, ಓಡಿಸಿ. ಕೆಂಪು ಗುರುತು ಬಂದರೆ ಅಲ್ಲಿಗೇ ನಿಲ್ಲಿಸಿ, ಸರಿಮಾಡಿ. ಹಳದಿ ಬಂದರೆ ಓದಿ ನೋಡಿ. ಒಂದೇ ನೆಟ್‌ವರ್ಕ್ ಇದೆ ಅನ್ನೋ ಹಳದಿ ಗುರುತು ವಿಎಂಗಳಲ್ಲಿ ಮಾಮೂಲು. ಹೋಸ್ಟಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಟೀಮ್ ಮಾಡಿ ಬೇರೆ ಬೇರೆ ಸ್ವಿಚ್‌ಗೆ ಹಾಕಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲಾ ಆದಮೇಲೆ ಒಂದು ಸಂಜೆ ಡೇ ಎಂಡ್ ಮುಗಿಸಿ, ಬ್ಯಾಕಪ್ ತಗೊಂಡು, ಡೇಟಾಬೇಸ್ ನಡೀತಿರೋ ಹೋಸ್ಟಿನ ಪವರ್ ಬಟನ್ ಒತ್ತಿ ಹಿಡಿಯಿರಿ. ಮ್ಯಾನೇಜ್‌ಮೆಂಟ್ ಸ್ಕ್ರೀನ್‌ನಲ್ಲಿ ಮೌಸ್ ಹಿಡಿದು ಆ ಕಡೆ ಕಳಿಸೋದು ಪರೀಕ್ಷೆ ಅಲ್ಲ. ಕೌಂಟರಿನ ಸ್ಕ್ರೀನ್‌ನಲ್ಲಿ ಕನೆಕ್ಷನ್ ಕಡಿದು, ಮತ್ತೆ ಲಾಗಿನ್ ಆದಾಗ ಕೊನೆಯ ಎಂಟ್ರಿ ಇದ್ದರೆ ಸರಿ. ಲಾಗಿನ್ನೇ ಆಗದಿದ್ದರೆ ನಿಮ್ಮ ಅಕೌಂಟಿಂಗ್ ಸಾಫ್ಟ್‌ವೇರಿನ ಕಾನ್ಫಿಗ್ ಫೈಲ್ ತೆರೆಯಿರಿ. ಅಲ್ಲಿ ಲಿಸನರ್ (ಡೇಟಾಬೇಸ್ ಯಾವ ಕಡೆ ಇದ್ದರೂ ಅಲ್ಲಿಗೆ ಕರೆದೊಯ್ಯೋ ಗ್ರೂಪಿನ ಹೆಸರು) ಹೆಸರಿನ ಬದಲು ಹಳೇ ಸರ್ವರಿನ ಐಪಿ ಇರೋ ಸಾಧ್ಯತೆ ಜಾಸ್ತಿ. ಅದನ್ನು ಬದಲಿಸೋಕೆ ಆಗುತ್ತಾ ಅಂತ ಸಾಫ್ಟ್‌ವೇರ್ ಕೊಟ್ಟವರನ್ನು ಸರ್ವರ್ ಆರ್ಡರ್ ಮಾಡೋ ಮುಂಚೆಯೇ ಕೇಳಿಬಿಡಿ.