ಬೆರಳುದ್ದದ ಲಿನಕ್ಸ್‌ಗೆ ಜುಪಿಟರ್ ಯಾಕೆ?

ಪ್ರಶ್ನೆ: ಜಮಖಂಡಿಯಿಂದ ಬಾಗಲಕೋಟೆ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂಗೆ (ಬೆರಳುದ್ದದ ಲಿನಕ್ಸ್ ಕಂಪ್ಯೂಟರ್) ಪವರ್ ಬ್ಯಾಂಕ್ ಸಿಕ್ಕಿಸಿ, ಮೊಬೈಲ್‌ನಿಂದ ಎಸ್‌ಎಸ್‌ಎಚ್ ಮಾಡಿ (ಅಂದರೆ ಅದರ ಟರ್ಮಿನಲ್‌ಗೆ ಲಾಗಿನ್ ಆಗಿ) ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ತೆರೆದರೆ ಅಲ್ಲೇ ನಿಂತುಬಿಡುತ್ತದೆ. ಬರೀ ಪೈಥಾನ್‌ನಲ್ಲಿ ಕೂತರೆ, ಒಂದು ಕಾಲ್ ಬಂದರೂ ಕನೆಕ್ಷನ್ ಕಡಿದು ಮಾಡಿದ್ದೆಲ್ಲ ಹೋಗುತ್ತದೆ. ಏನು ಮಾಡಲಿ?

ಉತ್ತರ: ಜುಪಿಟರ್ ಬಿಡಿ. ನಿಮ್ಮ ಪೈನಲ್ಲಿರುವುದು 512 ಎಂಬಿ ರ್‍ಯಾಮ್. ಜುಪಿಟರ್ ಅಂದರೆ ಒಂದು ವೆಬ್ ಸರ್ವರ್, ಜೊತೆಗೆ ತೆರೆದ ಪ್ರತಿ ನೋಟ್‌ಬುಕ್‌ಗೂ ಒಂದೊಂದು ಪೈಥಾನ್. ಅದರ ಮೇಲೆ ಡೇಟಾ ಲೆಕ್ಕದ ಲೈಬ್ರರಿ ಪಾಂಡಾಸ್ ಹತ್ತಿಸಿದರೆ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಬದಲಿ ಜಾಗ) ಇಳಿಯುತ್ತದೆ, ಆಮೇಲೆ ಎತ್ತಿನ ಗಾಡಿ ವೇಗ.

ಟರ್ಮಿನಲ್‌ನಲ್ಲೇ ಓಡುವ, ಸೌಲಭ್ಯ ಹೆಚ್ಚಿರುವ ಪೈಥಾನ್ ಆದ ಐಪೈಥಾನ್ ಹಾಕಿಕೊಳ್ಳಿ. 2014ರಲ್ಲಿ ಜುಪಿಟರ್ ಹುಟ್ಟಿದ್ದೇ ಇದರಿಂದ. ಪೈಥಾನ್‌ನ ಇನ್‌ಸ್ಟಾಲರ್ ಪಿಪ್ ಬೇಡ, ಲಿನಕ್ಸ್‌ನದೇ ಇನ್‌ಸ್ಟಾಲರ್ ಎಪಿಟಿಯಿಂದಲೇ ಸಿಗುತ್ತದೆ.

ಕನೆಕ್ಷನ್ ಕಡಿಯುವುದಕ್ಕೆ ಮದ್ದು ಟಿಮಕ್ಸ್ ಅನ್ನೋ ಪ್ರೋಗ್ರಾಂ. ಮೊದಲು ಅದನ್ನು ತೆರೆದು, ಒಳಗೆ ಐಪೈಥಾನ್ ಶುರು ಮಾಡಿ. ಕಾಲ್ ಬಂದು ಟರ್ಮಿನಲ್ ಆಪ್ ಮುಚ್ಚಿಹೋದರೂ ಪೈ ಒಳಗೆ ಎಲ್ಲ ಓಡುತ್ತಲೇ ಇರುತ್ತದೆ. ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್’ ಕೊಟ್ಟರೆ (ಕಮಾಂಡ್‌ಗಳು ಇಂಗ್ಲಿಷ್ ಅಕ್ಷರದಲ್ಲೇ) ಬಿಟ್ಟ ಸಾಲಿನಲ್ಲೇ ಕರ್ಸರ್ ಮಿನುಗುತ್ತಿರುತ್ತದೆ.

ಕೈಯಲ್ಲಿ ಕಬ್ಬಿನ ತೂಕದ ಚೀಟಿಗಳಿವೆ ಅಂದುಕೊಳ್ಳಿ. ‘ಲೋಡು = [18.5, 21, 19.5]’ ಅಂತ ಬರೆಯಿರಿ. ಹೌದು, ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರು ಕನ್ನಡದಲ್ಲೇ ಇಡಬಹುದು! ಕೂಡಿಸುವ ‘ಸಮ್’ ಹಾಕಿದರೆ 59.0 ಬರುತ್ತದೆ. ಮುಂದಿನ ಸಾಲಿನಲ್ಲಿ ಬರೀ ‘_ / 3’ ಸಾಕು, ಅಂಡರ್‌ಸ್ಕೋರ್ ಅಂದರೆ ಹಿಂದಿನ ಉತ್ತರ. ಸರಾಸರಿ ಲೋಡಿಗೆ 19.66 ಟನ್ ಚಿಲ್ಲರೆ. ಚೀಟಿಯಲ್ಲಿ ೨೧ ಅಂತ ಕನ್ನಡ ಅಂಕಿ ಇದ್ದರೆ ಕೋಟ್ಸ್ ಒಳಗಿಟ್ಟು, ಪಠ್ಯವನ್ನು ಪೂರ್ಣಾಂಕ ಮಾಡುವ ‘ಇಂಟ್’ಗೆ ಕೊಡಿ, 21 ಮಾಡಿಕೊಡುತ್ತದೆ. ಕೋಟ್ಸ್ ಇಲ್ಲದಿದ್ದರೆ ಎರರ್. ಇದು ನನಗೂ ಬಹಳ ತಡವಾಗಿ ಗೊತ್ತಾಯಿತು. ಮೊಬೈಲ್ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣಬಹುದು, ಲೆಕ್ಕಕ್ಕೇನೂ ತೊಂದರೆ ಇಲ್ಲ.

ಆದರೆ ಟಿಮಕ್ಸ್ ಕಾಪಾಡುವುದು ಕನೆಕ್ಷನ್ ಹೋದಾಗ, ಕರೆಂಟ್ ಹೋದಾಗ ಅಲ್ಲ. ಪೈ ಎಳೆಯುವ ಕರೆಂಟ್ ಕಡಿಮೆ ಅಲ್ವಾ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ಕೆಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಆಗ ನೀವು ಟೈಪ್ ಮಾಡಿದ ಸಾಲುಗಳು ಐಪೈಥಾನ್ ಹಿಸ್ಟರಿಯಲ್ಲಿ ಸಿಗುತ್ತವೆ, ‘ಲೋಡು’ ಒಳಗಿದ್ದ ತೂಕ ಸಿಗುವುದಿಲ್ಲ. ಅದಕ್ಕೇ ಸೀಟು ಸಿಕ್ಕ ಕೂಡಲೇ ‘%ಲಾಗ್‌ಸ್ಟಾರ್ಟ್’ ಹೊಡೆಯಿರಿ. ಒಂದೊಂದು ಸಾಲೂ ಫೈಲ್‌ಗೆ ಬೀಳುತ್ತದೆ, ಆ ಫೈಲನ್ನೇ ಮತ್ತೆ ಓಡಿಸಬಹುದು.

ಸ್ಟಾಪ್ ಬರುವ ಮೊದಲೇ ‘ಸುಡೊ ಪವರ್‌ಆಫ್’ ಕೊಡಿ. ಹಸಿರು ದೀಪ ಆರಿದ ಮೇಲಷ್ಟೇ ವೈರ್ ತೆಗೆಯಿರಿ. ಇಳಿಯುವ ಅವಸರಕ್ಕೆ ಸುಮ್ನೆ ಕಿತ್ತು ಕಿತ್ತು ನನ್ನದೊಂದು ಮೆಮೊರಿ ಕಾರ್ಡ್ ಹಾಳಾಗಿದೆ.