300 ಜನ ಬಟನ್ ಒತ್ತಿ ಓಡಿಸುವ ಬಾಟ್‌ಗಳಿಗೆ ಎಷ್ಟು ಸರ್ವರ್ ಬೇಕು?

ಅಕೌಂಟ್ಸ್ ವಿಭಾಗದ 300 ಜನರಿಗೆ ಯುಐಪಾತ್‌ನ (ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸವನ್ನು ತಾನೇ ಮಾಡುವ ಸಾಫ್ಟ್‌ವೇರ್) ಅಟೆಂಡೆಡ್ ಬಾಟ್ ಕೊಡುತ್ತಿದ್ದೇವೆ, ಅವರು ಬೇಕೆಂದಾಗ ಬಟನ್ ಒತ್ತುತ್ತಾರೆ, ಎಷ್ಟು ಸರ್ವರ್ ತರಿಸಬೇಕು ಅಂತ ಕೇಳಿದ್ದೀರಿ. ನನ್ನ ಕೆಲಸವೂ ಇದೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು, ಈ 300 ಜನ ಎಲ್ಲಿ ಕೆಲಸ ಮಾಡುತ್ತಾರೆ ಅನ್ನೋದು. ಅವರವರ ಲ್ಯಾಪ್‌ಟಾಪ್‌ನಲ್ಲಾದರೆ ಬಾಟ್ ಓಡುವುದೂ ಅಲ್ಲೇ, ಅವರದೇ ಲಾಗಿನ್‌ನಲ್ಲಿ. ಬಾಟ್‌ಗೆಂದು ಬೇರೆ ಮಷೀನ್ ಬೇಡ. ಸರ್ವರ್ ಬೇಕಾಗುವುದು ಎಲ್ಲಾ ಬಾಟ್‌ಗಳ ಮೇಲೆ ಕಣ್ಣಿಡುವ ಆರ್ಕೆಸ್ಟ್ರೇಟರ್ ಸಾಫ್ಟ್‌ವೇರ್‌ಗೆ ಮಾತ್ರ. ಪ್ರತಿ ರೋಬಾಟ್ 30 ಸೆಕೆಂಡಿಗೊಮ್ಮೆ ತಾನು ಚಾಲ್ತಿಯಲ್ಲಿದ್ದೇನೆ ಅಂತ ಅದಕ್ಕೆ ತಿಳಿಸುತ್ತದೆ. 300 ರೋಬಾಟ್ ಅಂದರೆ ಸೆಕೆಂಡಿಗೆ 10 ಕರೆ, ಅದೇನೂ ಭಾರ ಅಲ್ಲ. ತೊಂದರೆ ಕೊಡುವುದು ಲಾಗ್, ಅಂದರೆ ಬಾಟ್ ಮಾಡಿದ್ದರ ದಾಖಲೆ. ಲಾಗ್ ಮಟ್ಟವನ್ನು ಅತಿ ವಿವರವಾಗಿ ಬರೆಯುವ ಟ್ರೇಸ್‌ನಲ್ಲಿ ಬಿಟ್ಟರೆ ಡೇಟಾಬೇಸ್ ಬೇಗ ತುಂಬುತ್ತದೆ. ಪುಕ್ಕಟೆ ಅಂತ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಹಾಕಬೇಡಿ. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಅಷ್ಟೇ.

ಸಿಟ್ರಿಕ್ಸ್ ಥರದ ಹಂಚಿಕೆಯ ರಿಮೋಟ್ ಡೆಸ್ಕ್‌ಟಾಪ್ ಇದ್ದರೆ, ಅಂದರೆ ಹಲವರು ದೂರದ ಒಂದೇ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವಂತಿದ್ದರೆ, ಲೆಕ್ಕವೇ ಬೇರೆ. ಅಲ್ಲಿ ಎಣಿಸಬೇಕಾದದ್ದು 300 ಜನರನ್ನಲ್ಲ, ಒಂದೇ ಹೊತ್ತಿಗೆ ಎಷ್ಟು ಬಾಟ್ ಓಡುತ್ತಿರುತ್ತವೆ ಅನ್ನೋದನ್ನು. ಅತಿ ರಶ್ ಇರುವ ಗಂಟೆಯಲ್ಲಿ 240 ಸಲ ಓಡಿತು, ಪ್ರತಿ ಸಲ 6 ನಿಮಿಷ ಹಿಡಿಯಿತು ಅನ್ನಿ. 240ನ್ನು 6ರಿಂದ ಗುಣಿಸಿ 60ರಿಂದ ಭಾಗಿಸಿದರೆ 24. ಇದು ಸರಾಸರಿ ಮಾತ್ರ. ಜನ ಸಮವಾಗಿ ಹಂಚಿಕೊಂಡು ಬಟನ್ ಒತ್ತುವುದಿಲ್ಲ ಅಲ್ವಾ? ನಾನಾದರೆ 48 ಇಟ್ಟುಕೊಳ್ಳುತ್ತೇನೆ. ಬಾಟ್ ತೆರೆಯುವ ಎಕ್ಸೆಲ್, ಕ್ರೋಮ್ ಎಲ್ಲಾ ಸೇರಿ ಒಂದು ಓಟಕ್ಕೆ 1.5 ಜಿಬಿ ಜಾಸ್ತಿ ಬೇಕಾದರೆ, ಈಗಿರುವುದರ ಮೇಲೆ 72 ಜಿಬಿ ಮೆಮೊರಿ. ಆ 1.5 ನನ್ನ ಊಹೆ. ನಿಮ್ಮ ಬಾಟ್ ಓಡಿಸಿ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿಕೊಳ್ಳಿ.

ಈ ಅಳತೆಯನ್ನು ತಿಂಗಳ ಮಧ್ಯದ ಯಾವುದೋ ಖಾಲಿ ದಿನ ಮಾಡಬೇಡಿ. ಟಿಡಿಎಸ್ ಕಟ್ಟಲು 7ನೇ ತಾರೀಖು, ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20 ಕೊನೇ ದಿನ. ನಿಜವಾದ ರಶ್ ಅದರ ಹಿಂದಿನ ಒಂದೆರಡು ದಿನಗಳಲ್ಲಿ ಕಾಣುತ್ತದೆ.

ತುಂಬಾ ಜನ ಮರೆಯುವುದು ಇಆರ್‌ಪಿ (ಕಂಪನಿಯ ಲೆಕ್ಕಪತ್ರವೆಲ್ಲಾ ಇರುವ ಸಾಫ್ಟ್‌ವೇರ್) ಸರ್ವರ್. ಮನುಷ್ಯ 3 ನಿಮಿಷದಲ್ಲಿ ಹಾಕುವ ಇನ್‌ವಾಯ್ಸ್ ಅನ್ನು ಬಾಟ್ 30 ಸೆಕೆಂಡಿನಲ್ಲಿ ಹಾಕಿದರೆ, 24 ಬಾಟ್ ಅಂದರೆ 144 ಜನ ಬಿಡದೆ ಟೈಪ್ ಮಾಡಿದ ಹಾಗೆ. ನಿಮ್ಮ ಸರ್ವರ್ ಆರಾಮಾಗಿರುತ್ತದೆ, ಇಆರ್‌ಪಿ ಏದುಸಿರು ಬಿಡುತ್ತದೆ. ಆ ತಂಡದವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ, ದಯವಿಟ್ಟು.

ಓಟ ಉದ್ದವಾಗಿದ್ದರೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಬಟನ್ ಒತ್ತಿದಾಗ ಕೆಲಸ ಕ್ಯೂಗೆ (ಕಾಯುವ ಸಾಲಿಗೆ) ಮಾತ್ರ ಹೋಗಲಿ. ನಾಲ್ಕೈದು ಅನ್‌ಅಟೆಂಡೆಡ್ ಬಾಟ್‌ಗಳು, ಅಂದರೆ ಯಾರೂ ಮುಂದೆ ಕೂರದೆ ತಾವೇ ಓಡುವಂಥವು, ಅದನ್ನು ಒಂದೇ ವೇಗದಲ್ಲಿ ಮುಗಿಸಲಿ. ಬಳಕೆದಾರರ ಮೌಸ್ ಅವರ ಕೈಯಲ್ಲೇ ಇರುತ್ತದೆ, ಇಆರ್‌ಪಿಗೂ ಉಸಿರಾಡಲು ಬಿಡುವು. ಅವುಗಳನ್ನು ಒಂದೇ ವಿಂಡೋಸ್ ಸರ್ವರ್‌ನಲ್ಲಿ ಓಡಿಸಬಹುದು. ಆದರೆ ಅದರಲ್ಲಿ ಸಹಜವಾಗಿ ಸಿಗುವುದು ಆಡಳಿತಕ್ಕೆಂದು ಎರಡು ರಿಮೋಟ್ ಸೆಷನ್ ಮಾತ್ರ. ಉಳಿದವಕ್ಕೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್) ಲೈಸೆನ್ಸ್ ಬೇಕು, ಅದರ ದುಡ್ಡನ್ನು ಬಜೆಟ್‌ನಲ್ಲಿ ಈಗಲೇ ಸೇರಿಸಿ.