ಮೈಕು ಕಿರುಚುವುದೇಕೆ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಗಳಲ್ಲಿ ಹಿಂದಿನ ಸಾಲಿಗೆ ಮಾತು ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೈಕು ಕುಂಯ್ ಎನ್ನುತ್ತದೆ. ಪರಿಹಾರವೇನು?

ಉತ್ತರ: ವಾಲ್ಯೂಮ್ ಮುಟ್ಟುವ ಮೊದಲು ಸ್ಪೀಕರ್ ಎಲ್ಲಿದೆ ನೋಡಿ. ಅದರಿಂದ ಹೊರಟ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತಿ ಸುತ್ತಿ ಬೆಳೆಯುವುದೇ ಈ ಕಿರುಚಾಟ. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರತ್ತ ಮುಖ ಮಾಡಿರಲಿ. ಕುಳಿತವರ ತಲೆಗಿಂತ ಎತ್ತರದಲ್ಲಿರಲಿ, ಇಲ್ಲವಾದರೆ ಮುಂದಿನ ಸಾಲುಗಳೇ ಸದ್ದನ್ನು ನುಂಗಿಬಿಡುತ್ತವೆ.

ಮೈಕು ಬಾಯಿಂದ 15–20 ಸೆಂ.ಮೀ. ದೂರದಲ್ಲಿದ್ದರೆ ಸಾಕು. ಈ ದೂರ ಅರ್ಧವಾದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಹೆಚ್ಚುತ್ತದೆ. ವಾಲ್ಯೂಮನ್ನು ಅಷ್ಟೇ ಇಳಿಸಬಹುದು. ಪರದೆಯತ್ತ ತಿರುಗಿ ಮಾತಾಡುವ ಪ್ರಾಧ್ಯಾಪಕರಿಗೆ (ಬಹುಪಾಲು ಎಲ್ಲರೂ ತಿರುಗುತ್ತಾರೆ) ಪೋಡಿಯಂ ಮೈಕು ದಂಡ. ಹೆಡ್‌ಸೆಟ್ ಮೈಕು ಕೊಡಿ. ಕಾಲರ್ ಮೈಕು ಬಾಯಿಂದ ದೂರವಿರುವುದರಿಂದ ಬೇಗ ಕಿರುಚುತ್ತದೆ.

ತೆರೆದ (ಆನ್ ಇರುವ) ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕಿರುಚದಂತೆ ವಾಲ್ಯೂಮ್ ಏರಿಸುವ ಅವಕಾಶ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ಸ್ವಾಗತ ಮುಗಿದೊಡನೆ ನಿರೂಪಕರ ಮೈಕು, ಗಣ್ಯರ ಮೇಜಿನ ಮೈಕು ಎಲ್ಲವನ್ನೂ ಮುಚ್ಚಿಸಿ. ಪ್ರಶ್ನೋತ್ತರದ ವೇಳೆ ಕೈಮೈಕು ಹಿಡಿದವರು ಸ್ಪೀಕರಿನ ಎದುರು ಹಾಯದೆ ಪಕ್ಕದ ದಾರಿಯಲ್ಲೇ ಓಡಾಡಲಿ.